ಮುಂದಿನ ಸಾಲಿನ ಮ್ಯೂರಿಯಲ್

ಬೇಟೆನಾಯಿಯ ಮರಿಯನ್ನು ಮನೆಯಲ್ಲಿ ಸಾಕಿ, ಬೆಳೆದ ಮೇಲೆ ಬೇಟೆತಂಡಕ್ಕೆ ಒಪ್ಪಿಸುವುದು ಇಂಗ್ಲೆಂಡಿನ ಲೆಸ್ಟರ್‌ಶೈರ್‌ನ ಆ ಹಳ್ಳಿಯ ವಾಡಿಕೆ. ಮ್ಯೂರಿಯಲ್ ಸಾಕಿದ ರಾಂಬ್ಲರ್ ಇಂದು ಪ್ರದರ್ಶನಕ್ಕೆ ನಿಂತಿತ್ತು. ಗೆದ್ದರೆ ಸಾಕಿದವರಿಗೆ ಬೆಳ್ಳಿ ಚಮಚ. ಮೊದಲ ಸಲ ನೋಡಲು ಬಂದ ಅವಳು ಮುಂದಿನ ಸಾಲಿನಲ್ಲೇ ಕುಳಿತಳು.

"ಹಿಂದೆ ಬಾರೇ, ಅದು ನಿನ್ನ ನೋಡ್ಬಿಡುತ್ತೆ," ಎಂದ ಗಂಡ ಸಿರಿಲ್.

"ಸುಮ್ನಿರ್ರೀ. ನನ್ನ ಚಪ್ಪಲಿ ತಿಂದು ಬೆಳೆದಿದ್ದು, ಹತ್ತಿರದಿಂದ್ಲೇ ನೋಡ್ತೀನಿ."

ನಾಯಿಗಳನ್ನು ತೀರ್ಪುಗಾರರಿಗೆ ತೋರಿಸುವ ಬಿಳಿ ಕೋಟಿನವನು, ಅವು ಚೆನ್ನಾಗಿ ನಿಲ್ಲಲೆಂದು ಬಿಸ್ಕತ್ತು ಎಸೆದ. ಉಳಿದ ನಾಯಿಗಳು ತಲೆಯೆತ್ತಿ ನೆಟ್ಟಗೆ ನಿಂತವು. ರಾಂಬ್ಲರ್ ಮಾತ್ರ ಬೇಲಿಯ ಬಳಿ ಓಡಿಬಂದು, ಅವಳೆದುರು ಅಂಗಾತ ಮಲಗಿತು.

"ಏಳೋ, ಮುಂಡೇದೇ! ದೇವರೇ, ಇದಕ್ಕೆ ಬುದ್ಧಿ ಕೊಡಪ್ಪಾ!"

ಅದು ಏಳಲಿಲ್ಲ. ಚಮಚ ಪಕ್ಕದ ಮನೆಯವಳ ಪಾಲಾಯಿತು.

"ಹೇಳಿದ್ನಲ್ಲ?" ಎಂದ ಸಿರಿಲ್.

"ಬಾಯಿ ಮುಚ್ರೀ," ಎಂದು ಸಿಡುಕುತ್ತಲೇ ಮ್ಯೂರಿಯಲ್ ಬೇಲಿಯೊಳಗೆ ಕೈಹಾಕಿ ಅದರ ಹೊಟ್ಟೆ ಕೆರೆದಳು.