ಬಸ್ಸಿನ ಮೇವಿಸ್‌ಗೆ ನೀಲಿ ಬ್ಯಾಡ್ಜು ಸಿಕ್ಕಿದ್ದು

ಮೇವಿಸ್ ಹಾಲ್‌ರಾಯ್ಡ್ ನಮ್ಮ ಆಕನ್‌ಶಾ ಊರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿದವಳು. ರೈಲು ನಿಲ್ದಾಣದಿಂದ ಹೊರಟು, ಮಾರುಕಟ್ಟೆ ದಾಟಿ, ಗುಡ್ಡದ ನೆತ್ತಿಯಲ್ಲಿರುವ ಹಳೇ ಉಣ್ಣೆ ಗಿರಣಿಯ ತನಕ ಹೋಗುವ ಬಸ್ಸು ಅದು. ಯಾರ್ಕ್‌ಷೈರಿನ ಈ ಭಾಗದಲ್ಲಿ ಸಮತಟ್ಟು ನೆಲ ಅಂತ ಇರುವುದು ಚರ್ಚಿನ ಒಳಗೆ ಮಾತ್ರ. ಹಿಮ ಬಿದ್ದ ದಿನ ಉಳಿದ ಚಾಲಕರು ಗುಡ್ಡದ ಬುಡದಲ್ಲೇ ಜನರನ್ನು ಇಳಿಸಿ ಕೈಚೆಲ್ಲುತ್ತಿದ್ದರು. ಮೇವಿಸ್ ಮಾತ್ರ ಗೊಣಗುತ್ತಾ ಗೊಣಗುತ್ತಾ ಮೇಲಕ್ಕೆ ಹತ್ತಿಸಿಬಿಡುತ್ತಿದ್ದಳು. ಗೊಣಗುತ್ತಿದ್ದದ್ದು ಬಸ್ಸೋ ಅವಳೋ ಎಂದು ಹೇಳುವುದು ಕಷ್ಟವಿತ್ತು.

ಅವಳು ಮದುವೆಯಾಗಲಿಲ್ಲ. ತಂಗಿ ಬೆರಿಲ್ ಗಂಡ ತೀರಿಕೊಂಡ ಮೇಲೆ ಎರಡು ಪೆಟ್ಟಿಗೆ, ಒಂದು ಹೊಲಿಗೆ ಯಂತ್ರ ಹೊತ್ತುಕೊಂಡು ಅಕ್ಕನ ಮನೆಗೆ ಬಂದು ಸೇರಿದಳು. ಅವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವರ ಜಗಳಗಳಲ್ಲಿ ಅರ್ಧ ನನಗೆ ಮೊದಲೇ ಗೊತ್ತಿರುತ್ತಿತ್ತು, ಉಳಿದರ್ಧ ಮರುದಿನ ಬೆರಿಲ್ ಬೇಲಿಯ ಹತ್ತಿರ ಬಂದು ಹೇಳುತ್ತಿದ್ದಳು.

ಮೇವಿಸ್‌ಗೆ ಅರವತ್ತೈದು ದಾಟಿದಾಗ ಸಂಧಿವಾತ ಶುರುವಾಯಿತು. ಮೊದಲು ಎಡಮಂಡಿ, ಆಮೇಲೆ ಬಲಮಂಡಿ, ಆಮೇಲೆ ಸೊಂಟದ ಕೀಲು. ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದಳು, ಅವರು ಹೇಳಿಕೊಟ್ಟ ವ್ಯಾಯಾಮವನ್ನು ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಮಾಡುತ್ತಿದ್ದಳು. ಯಾರಾದರೂ "ಹೇಗಿದೆ ಮಂಡಿ?" ಎಂದರೆ "ಪರವಾಗಿಲ್ಲ" ಅನ್ನುತ್ತಿದ್ದಳು. ಅವಳ ತಾಯಿಯೂ ಹಾಗೇ ಇದ್ದವಳಂತೆ. ಆಸ್ಪತ್ರೆಯಲ್ಲಿ ಕೊನೆಯುಸಿರೆಳೆಯುವ ದಿನವೂ ನರ್ಸಿಗೆ ಪರವಾಗಿಲ್ಲ ಎಂದೇ ಹೇಳಿದಳಂತೆ.

ಗುರುವಾರ ಅಕ್ಕತಂಗಿಯರ ಮಾರುಕಟ್ಟೆ ದಿನ. ಕಾರನ್ನು ಕೆಳಗೆ ರೈಲು ನಿಲ್ದಾಣದ ಹಿಂದೆ ನಿಲ್ಲಿಸಬೇಕು. ಅಲ್ಲಿಂದ ಮಾರುಕಟ್ಟೆಗೆ ಇನ್ನೂರು ಗಜ, ಅದೂ ಏರು. ಬೆರಿಲ್ ಕಾರಿನಿಂದ ಇಳಿದದ್ದೇ, ಚೀಸ್ ಅಂಗಡಿಯ ಮುಂದೆ ಸಾಲು ಬೆಳೆಯುವುದರೊಳಗೆ ಎಂದು ಓಡಿಬಿಡುತ್ತಿದ್ದಳು. ಹಾಗಾಗಿ ಹಿಂದೆ ಅಕ್ಕ ಹೇಗೆ ಬರುತ್ತಾಳೆ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಅಕ್ಕ ಬರುತ್ತಿದ್ದದ್ದು ಹೀಗೆ: ನಲವತ್ತು ಹೆಜ್ಜೆ ನಡೆದು ಹೂವಿನಂಗಡಿಯ ಕಿಟಕಿ ನೋಡುವುದು. ಮತ್ತೆ ಮೂವತ್ತು ಹೆಜ್ಜೆ ನಡೆದು ಚಪ್ಪಲಿ ಅಂಗಡಿಯ ಕಿಟಕಿ. ಅದಾದ ಮೇಲೆ ಮಂಡಿ ಪೂರ್ತಿ ಕೈಕೊಡುತ್ತಿದ್ದ ಜಾಗದಲ್ಲಿ ಇದ್ದದ್ದು ಆರ್ನಲ್ಡ್ ಹೋಲ್ಟನ ಶವಪೆಟ್ಟಿಗೆ ಅಂಗಡಿ.

ನಾಲ್ಕು ವಾರ ಅವಳು ಆ ಕಿಟಕಿಯ ಮುಂದೆ ನಿಂತು ಅಮೃತಶಿಲೆಯ ಹೂದಾನಿಗಳನ್ನೂ ಚಿನ್ನದಕ್ಷರದ ಫಲಕಗಳನ್ನೂ ದಿಟ್ಟಿಸಿದಳು. ಐದನೆಯ ವಾರ ಆರ್ನಲ್ಡ್ ಬಾಗಿಲು ತೆರೆದು ಹೊರಗೆ ಬಂದ. ಕಪ್ಪು ಕೋಟು, ಮೆತ್ತಗಿನ ದನಿ.

"ಮೇವಿಸ್, ಒಳಗೆ ಬಂದು ಒಂದು ನಿಮಿಷ ಕೂತ್ಕೊಳ್ಳಿ. ಅವಸರ ಏನಿಲ್ಲ. ಈ ವಿಷಯಕ್ಕೆ ಯಾರೂ ಅವಸರ ಮಾಡಬಾರದು."

ಇಲ್ಲ ಅನ್ನಬೇಕಿತ್ತು. ಆದರೆ ಅವನು ಕೂತ್ಕೊಳ್ಳಿ ಅಂದಿದ್ದ, ಒಳಗೆ ಹಸಿರು ಮೆತ್ತೆಯ ಕುರ್ಚಿ ಕಾಣುತ್ತಿತ್ತು. ಮೇವಿಸ್ ಹೋಗಿ ಕೂತಳು. ಚಹಾ ಬಂತು, ಶುಂಠಿ ಬಿಸ್ಕತ್ತು ಬಂತು, ಆಮೇಲೆ ಪೆಟ್ಟಿಗೆಗಳ ಚಿತ್ರಗಳಿರುವ ದಪ್ಪ ಪುಸ್ತಕವೂ ಬಂತು. ಉಪಚಾರ ಮಾಡಿದವನ ಮನಸ್ಸು ನೋಯಿಸಬಾರದೆಂದು ಪುಟ ತಿರುವಿದಳು. ಓಕ್ ಮರದ್ದು ತುಂಬ ಭಾರ ಕಾಣುತ್ತದೆ, ಬೆತ್ತದ್ದು ಚೆನ್ನಾಗಿದೆ ಎಂದಳು. ಮುಂದಿನ ಎರಡು ಗುರುವಾರವೂ ಅವಳು ಆ ಕುರ್ಚಿಯಲ್ಲಿ ಕೂತು ಚಹಾ ಕುಡಿದಳು.

ಮೂರನೆಯ ಗುರುವಾರ ಸಂಜೆ ಆರ್ನಲ್ಡ್ ಮನಸ್ಸು ತಡೆಯದೆ ಬೆರಿಲ್‌ಗೆ ಫೋನ್ ಮಾಡಿದ. ಅಂದಿನ ಮಾತನ್ನು ನಾನು ಗೋಡೆಯ ಈಚೆಯಿಂದ ಕೇಳಿಸಿಕೊಂಡೆ. ಕೇಳಿಸಿಕೊಳ್ಳಬಾರದೆಂದು ರೇಡಿಯೋ ಹಾಕಬಹುದಿತ್ತು, ಹಾಕಲಿಲ್ಲ.

"ಅಕ್ಕ, ನನ್ನ ಹತ್ರ ಏನು ಮುಚ್ಚಿಡ್ತಿದ್ದೀಯ?"

"ಏನೂ ಇಲ್ವಲ್ಲೇ."

"ಡಾಕ್ಟ್ರು ಎಷ್ಟು ದಿನ ಅಂದ್ರು?"

"ಯಾವುದಕ್ಕೆ ಎಷ್ಟು ದಿನ?"

"ನಾಟಕ ಆಡ್ಬೇಡ. ಆರ್ನಲ್ಡ್ ಫೋನ್ ಮಾಡಿದ್ದ. ಬೆತ್ತದ ಪೆಟ್ಟಿಗೆ ನಿಂಗೆ ಹಿಡಿಸ್ತಂತೆ." ಬೆರಿಲ್‌ಳ ದನಿ ಒಡೆಯಿತು. "ಒಡಹುಟ್ಟಿದವಳು ನಾನಿರೋವಾಗ ಅವನ ಹತ್ರ ಹೇಳ್ಕೋಬೇಕಿತ್ತೇನೆ?"

ಮೇವಿಸ್ ತೀರಾ ಸಣ್ಣ ದನಿಯಲ್ಲಿ, "ನಾನು ಹೋಗಿದ್ದು ಕುರ್ಚಿಗೆ ಕಣೇ," ಎಂದಳು. ಮಂಡಿ ಅಲ್ಲಿಗೆ ಬರುವಷ್ಟರಲ್ಲಿ ನಿಂತುಹೋಗುತ್ತದೆ, ಆ ಅಂಗಡಿ ಸಿಗುವುದೇ ಅಲ್ಲಿ, ತಾನೇನು ಮಾಡಲಿ ಎಂದಳು. ಬೆರಿಲ್ ನಗಲು ಶುರುಮಾಡಿದ್ದು ಆಗ. ಅಳು ನಗು ಎರಡೂ ಕೂಡಿ ಅವಳಿಗೆ ಬಿಕ್ಕಳಿಕೆ ಹತ್ತಿತು. ಅದನ್ನು ನಿಲ್ಲಿಸಲು ನಾನೇ ಹೋಗಿ ಸಕ್ಕರೆ ಕೊಡಬೇಕಾಯಿತು.

ಮರುದಿನವೇ ಬೆರಿಲ್ ಅಕ್ಕನನ್ನು ನಾನು ಕೆಲಸ ಮಾಡುವ ಲೈಬ್ರರಿಗೆ ಹೊರಡಿಸಿಕೊಂಡು ಬಂದಳು. ಓಡಾಡಲು ಆಗದವರಿಗೆ ಪುರಸಭೆ ಕೊಡುವ ನೀಲಿ ಬ್ಯಾಡ್ಜು ಕಾರಿನ ಗಾಜಿನ ಹಿಂದೆ ಇದ್ದರೆ ಮಾರುಕಟ್ಟೆಯ ಬಾಗಿಲಲ್ಲೇ ಕಾರು ನಿಲ್ಲಿಸಬಹುದು. ಅದರ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಬೇಕು. ಊರಿನ ಅರ್ಧ ಜನಕ್ಕೆ ಅದನ್ನು ತುಂಬಿಕೊಡುವುದು ನನ್ನ ಕೆಲಸವೇ ಆಗಿತ್ತು.

"ಎಷ್ಟು ದೂರ ನಡೀಬಲ್ಲೆ ಅಂತ ಕೇಳಿದಾರೆ," ಎಂದೆ.

"ಬೇಕಾದಷ್ಟು ಅಂತ ಬರಿ ಹಿಲರಿ."

"ಮೀಟರಿನಲ್ಲಿ ಹೇಳು."

"ಹೋಗಬೇಕಾದ ಕಡೆಗೆ ನಾನು ಹೋಗೇ ಹೋಗ್ತೀನಿ. ಅದಕ್ಕೆ ಮೀಟರ್ ಯಾಕೆ?"

"ನೋವಿದೆಯಾ?"

"ಪರವಾಗಿಲ್ಲ."

ಬೆರಿಲ್ ಮೇಜಿನ ಕೆಳಗೆ ಅವಳ ಕಾಲು ತುಳಿದಳು. ಮೇವಿಸ್ ಹಠ ಬಿಡಲಿಲ್ಲ. ನಿಜವಾಗಿ ನಡೆಯಲಾಗದವರು ಎಷ್ಟೋ ಜನ ಇದ್ದಾರೆ, ಅವರ ಜಾಗವನ್ನು ತಾನು ಕಿತ್ತುಕೊಂಡ ಹಾಗಾಗುತ್ತದೆ ಎಂಬುದು ಅವಳ ವಾದ. ಅವಳು ಹೇಳಿದ್ದನ್ನೇ ಬರೆದೆ, ಬೇರೆ ಬರೆಯುವ ಹಕ್ಕು ನನಗಿರಲಿಲ್ಲ. ಐದು ವಾರ ಬಿಟ್ಟು ಉತ್ತರ ಬಂತು. ನೀವು ಕೊಟ್ಟ ವಿವರಗಳ ಪ್ರಕಾರ ನಿಮಗೆ ಬ್ಯಾಡ್ಜಿನ ಅಗತ್ಯ ಕಾಣುವುದಿಲ್ಲ ಎಂದಿತ್ತು. ಅವರ ಜಾಗದಲ್ಲಿ ಕೂತು ಆ ವಿವರಗಳನ್ನು ಓದಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ.

ಬೆರಿಲ್ ಆ ಕಾಗದವನ್ನು ಅಕ್ಕನ ತಟ್ಟೆಯ ಪಕ್ಕದಲ್ಲಿಟ್ಟಳು.

"ತಗೋ, ನಿನ್ನ ಪರವಾಗಿಲ್ಲಕ್ಕೆ ಮುದ್ರೆ ಹಾಕಿ ಕಳಿಸಿದಾರೆ. ಚೌಕಟ್ಟು ಹಾಕಿಸಿ ತೂಗುಹಾಕ್ತೀನಿ."

"ಆಯ್ತಲ್ಲ, ಬಿಟ್ಟುಬಿಡು."

"ಬಿಡಲ್ಲ. ಇಷ್ಟು ದಿನ ನಾನು ಮುಂದೆ ಓಡಿದ್ದು ನನಗೇ ನಾಚಿಕೆ ಆಗಿದೆ. ಚೀಸ್ ಮುಗಿದು ಹೋದ್ರೆ ಹೋಗ್ಲಿ. ಇನ್ಮೇಲೆ ನಿನ್ನ ಪಕ್ಕದಲ್ಲೇ ನಡೀತೀನಿ."

ಹಾಗೇ ನಡೆದಳು. ಒಂದು ಗುರುವಾರ ಅಕ್ಕನ ಜೊತೆ ಹೆಜ್ಜೆ ಹಾಕಿದ ಬೆರಿಲ್‌ಗೆ ಆ ಇನ್ನೂರು ಗಜಕ್ಕೆ ಇಪ್ಪತ್ತಮೂರು ನಿಮಿಷ ಹಿಡಿಯಿತು. ದಾರಿಯಲ್ಲಿ ಅಕ್ಕನ ತುಟಿ ಬೆಳ್ಳಗಾಗುವುದನ್ನು ಹತ್ತಿರದಿಂದ ನೋಡಿದಳು. ಅಂದು ಅವಳು ಜಗಳವಾಡಲಿಲ್ಲ. ಮನೆಗೆ ಬಂದವಳೇ ಪುರಸಭೆಗೆ ಕಾಗದ ಬರೆದು, ಅರ್ಜಿಯನ್ನು ಮತ್ತೊಮ್ಮೆ ನೋಡಿ, ಬೇಕಾದರೆ ಕರೆಸಿ ನಡೆಸಿ ನೋಡಿ ಎಂದು ಕೇಳಿದಳು. ಮೇವಿಸ್ ಕನ್ನಡಕ ಹಾಕಿಕೊಂಡು ಓದಿ, ಸಹಿ ಮಾಡಿದಳು.

ಪರೀಕ್ಷೆಗೆ ಕರೆ ಬಂತು. ಆ ದಿನ ಬೆಳಗ್ಗೆ ಮೇವಿಸ್ ಕೆಳಗಿಳಿದು ಬಂದದ್ದನ್ನು ನೋಡಿ ಬೆರಿಲ್ ತಲೆಯ ಮೇಲೆ ಕೈಹೊತ್ತಳು. ಕೆಂಪು ಕೋಟು, ಮುತ್ತಿನ ಸರ, ತುಟಿಗೆ ಬಣ್ಣ.

"ಮದುವೆಗೆ ಹೊರಟಿದ್ದೀಯಾ?"

"ಸರ್ಕಾರಿ ಕಚೇರಿಗೆ ಹೋಗೋವಾಗ ನೆಟ್ಟಗೆ ಹೋಗ್ಬೇಕು."

"ನೆಟ್ಟಗೆ ಹೋಗಕ್ಕಾಗಲ್ಲ ಅಂತ ಹೇಳಕ್ಕೇ ಕಣೇ ಹೋಗ್ತಿರೋದು."

ಬಣ್ಣ ಒರೆಸಲು ಅವಳು ಒಪ್ಪಲಿಲ್ಲ. ಬೆರಿಲ್ ಬಲವಂತ ಮಾಡಲಿಲ್ಲ.

ಪರೀಕ್ಷೆ ಮಾಡುವವಳ ಹೆಸರು ನಾಹಿದ್. ಪಕ್ಕದೂರಿನವಳು, ನಲವತ್ತರ ಆಸುಪಾಸು, ತಲೆಗೆ ನೇರಳೆ ಬಣ್ಣದ ವಸ್ತ್ರ, ಮಾತು ಅಪ್ಪಟ ನಮ್ಮ ಗುಡ್ಡದ್ದೇ. ಮಂಡಿ ಮಡಿಸಿ ನೋಡಿದಳು, ಮಾತ್ರೆಗಳ ಹೆಸರು ಬರೆದುಕೊಂಡಳು, ಆಮೇಲೆ ಉದ್ದನೆಯ ಕಾರಿಡಾರೊಂದನ್ನು ತೋರಿಸಿ ಆ ತುದಿಯ ಬಾಗಿಲ ತನಕ ನಡೆಯಿರಿ ಎಂದಳು.

ಮೇವಿಸ್ ತಲೆಯೆತ್ತಿ ಹೊರಟಳು. ಹತ್ತು ಹೆಜ್ಜೆ ಪೊಲೀಸಿನವರ ಹಾಗೆ ಹಾಕಿದಳು. ಇಪ್ಪತ್ತನೆಯದಕ್ಕೆ ಸೊಂಟ ಓಲಿತು. ಮೂವತ್ತಕ್ಕೆ ಗೋಡೆಗೆ ಕೈಯಿಟ್ಟು ನಿಂತಳು. ಅಲ್ಲಿ ಕಿಟಕಿ ಇರಲಿಲ್ಲ, ಗೋಡೆಗೆ ಒಂದು ಸೂಚನಾಫಲಕವಿತ್ತು. ಅದನ್ನೇ ಗಮನವಿಟ್ಟು ನೋಡತೊಡಗಿದಳು.

ನಾಹಿದ್ ಪಕ್ಕಕ್ಕೆ ಬಂದು ನಿಂತಳು. "ಏನು ನೋಡ್ತಿದ್ದೀರಿ?"

"ಬೆಂಕಿ ಬಿದ್ರೆ ಏನ್ಮಾಡ್ಬೇಕು ಅಂತ ಓದ್ತಿದ್ದೆ."

"ಏನ್ಮಾಡ್ಬೇಕಂತೆ?"

"ಆ ಬಾಗಿಲಿಂದ ಹೊರಗೆ ಹೋಗ್ಬೇಕಂತೆ."

"ಹೋಗ್ತೀರಾ?"

ಮೇವಿಸ್ ಬಾಗಿಲನ್ನು ನೋಡಿದಳು. ಅದು ಇನ್ನೂ ಅಷ್ಟೇ ದೂರದಲ್ಲಿತ್ತು.

"ಇಲ್ಲಮ್ಮ," ಎಂದಳು. "ಆಗಲ್ಲ."

ಎಪ್ಪತ್ತೊಂದು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದನ್ನು ಅದೇ ಮೊದಲು ಕೇಳಿದ್ದು ಎಂದು ಬೆರಿಲ್ ಈಗಲೂ ಹೇಳುತ್ತಾಳೆ. ಒಂದು ಸಲ ಬಾಯಿಬಿಟ್ಟ ಮೇಲೆ ಉಳಿದದ್ದೂ ಹೊರಬಂತು. ಮೆಟ್ಟಿಲನ್ನು ಕೂತುಕೊಂಡೇ ಇಳಿಯುವುದು, ಬೆಳಗ್ಗೆ ಕಾಲುಚೀಲ ಹಾಕಿಕೊಳ್ಳಲು ಕಾಲುಗಂಟೆ ಹಿಡಿಯುವುದು, ಮಾರುಕಟ್ಟೆಯ ಅಂಗಡಿಗಳ ಒಂದೊಂದು ಕಿಟಕಿಯೂ ಬಾಯಿಪಾಠವಾಗಿರುವುದು, ಎಲ್ಲ ಹೇಳಿದಳು. ಶವಪೆಟ್ಟಿಗೆ ಅಂಗಡಿಯ ಚಹಾ ವಿಷಯ ಬಂದಾಗ ನಾಹಿದ್ ಪೆನ್ನು ಕೆಳಗಿಟ್ಟು, ಬೆನ್ನು ತಿರುಗಿಸಿ ನಿಂತಳು. ಅವಳ ಹೆಗಲು ಅಲುಗುತ್ತಿತ್ತು.

"ಕ್ಷಮಿಸಿ," ಎಂದಳು ಕಣ್ಣೊರೆಸಿಕೊಂಡು. "ಬಿಸ್ಕತ್ತು ಯಾವುದು ಅಂದ್ರಿ?"

"ಶುಂಠೀದು. ಒಳ್ಳೇದೇ ಇಟ್ಟಿದಾನೆ."

"ಬೇರೆಯವರ ಜಾಗ ಕಿತ್ಕೊಂಡ ಹಾಗಾಗುತ್ತೆ ಅಂತ ಅರ್ಜಿ ತುಂಬೋವಾಗ ಅಂದ್ರಂತೆ, ನಿಮ್ಮ ತಂಗಿ ಬರೆದಿದಾರೆ. ನೀವು ಬಸ್ಸು ಓಡಿಸ್ತಿದ್ದದ್ದನ್ನೂ ಬರೆದಿದಾರೆ. ನಿಮ್ಮ ಬಸ್ಸಲ್ಲಿ ಮುಂದಿನ ಸೀಟು ಯಾರಿಗೆ ಕೊಡ್ತಿದ್ರಿ?"

"ಕೈಲಾಗದೋರಿಗೆ."

"ಅವರು ಕೂತಾಗ ನಿಮಗೆ ಏನನ್ನಿಸ್ತಿತ್ತು?"

ಮೇವಿಸ್ ಯೋಚಿಸಿದಳು. "ಏನೂ ಅನ್ನಿಸ್ತಿರಲಿಲ್ಲ. ಅವರು ಕೂತ ಮೇಲೆ ಗಾಡಿ ಬಿಡ್ತಿದ್ದೆ, ಅಷ್ಟೆ."

"ಅಷ್ಟೇ," ಎಂದಳು ನಾಹಿದ್.

ಜೂನ್ ಮೊದಲ ವಾರ ಅಂಚೆಯಲ್ಲಿ ಬ್ಯಾಡ್ಜು ಬಂತು. ಹಿಂಬದಿಯಲ್ಲಿ ಮೇವಿಸ್‌ಳ ಫೋಟೋ, ಯಾರನ್ನೋ ಟಿಕೆಟ್ ಕೇಳುತ್ತಿರುವ ಮುಖ. ಜೊತೆಗೆ ಒಂದು ಪುಸ್ತಿಕೆ. ಯಾರೂ ಗಾಡಿ ನಿಲ್ಲಿಸಬಾರದ ಹಳದಿ ಗೆರೆಯ ಮೇಲೂ ಮೂರು ಗಂಟೆ ನಿಲ್ಲಿಸಬಹುದು ಎಂದು ಬೆರಿಲ್ ಓದಿದಾಗ, ಮೇವಿಸ್ ಪುಸ್ತಿಕೆ ಕಿತ್ತುಕೊಂಡು ಆ ಪುಟ ಮಡಚಿಟ್ಟಳು. ಇಪ್ಪತ್ತೊಂಬತ್ತು ವರ್ಷ ಹಳದಿ ಗೆರೆಯ ಮೇಲೆ ಕಾರು ನಿಲ್ಲಿಸಿದವರನ್ನು ಬೈದ ಬಾಯಿ ಇದು, ಅಲ್ಲಿ ಮಾತ್ರ ತಾನು ನಿಲ್ಲಿಸುವುದಿಲ್ಲ ಎಂದಳು.

"ಸರಿ, ಮೊದ್ಲು ಎಲ್ಲಿಗೆ? ಮಾರ್ಕೆಟ್ಟಿಗಾ?"

"ಸಮುದ್ರಕ್ಕೆ," ಎಂದಳು ಮೇವಿಸ್.

ಐದು ವರ್ಷದಿಂದ ಅವರು ಕಡಲ ಕಡೆಗೆ ಹೋಗಿರಲಿಲ್ಲ. ದೂರ ಓಡಿಸುವುದು ಮೇವಿಸ್‌ಗೆ ಕಷ್ಟವೇ ಅಲ್ಲ, ಕಾರಿನ ಸೀಟಿನಲ್ಲಿ ಅವಳು ಇಂದಿಗೂ ರಾಣಿ. ಆದರೆ ಅಲ್ಲಿ ಕಾರು ನಿಲ್ಲಿಸುವ ಬಯಲು ದಿಬ್ಬದ ಮೇಲಿದ್ದು, ನೀರಿಗೆ ನೂರಾರು ಮೆಟ್ಟಿಲು ಇಳಿಯಬೇಕಿತ್ತು. ಅದಕ್ಕೇ ಸಮುದ್ರ ತನಗೆ ಬೇಸರವಾಗಿದೆ ಎಂದು ಅವಳು ಹೇಳಿಕೊಂಡು ಬಂದಿದ್ದಳು.

ಆ ಭಾನುವಾರ ನನ್ನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಎರಡು ಗಂಟೆ ದಾರಿ. ಬೆರಿಲ್ ಮೊಟ್ಟೆ ಸ್ಯಾಂಡ್‌ವಿಚ್ಚಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಸುಶ್ರಾವ್ಯವಲ್ಲದ ಹಾಡು ಹೇಳಿದಳು. ಸ್ಕಾರ್‌ನೆಸ್ ಕೊಲ್ಲಿಯಲ್ಲಿ ಮೇವಿಸ್ ಕಾರನ್ನು ದಿಬ್ಬದಿಂದ ಕೆಳಗೆ, ದೋಣಿ ಇಳಿಸುವ ಇಳಿಜಾರಿನ ಪಕ್ಕಕ್ಕೇ ತಂದು, ಗಾಲಿಕುರ್ಚಿಯ ಚಿತ್ರ ಬರೆದ ಜಾಗದಲ್ಲಿ ಒಂದೇ ಏಟಿಗೆ ನಿಲ್ಲಿಸಿದಳು. ಬ್ಯಾಡ್ಜನ್ನು ಗಾಜಿನ ಹಿಂದೆ ಇಟ್ಟಳು. ಇಳಿದು ಮುಂದೆ ಬಂದು, ಅದು ಸರಿಯಾಗಿ ಕಾಣುತ್ತದೆಯೇ ಎಂದು ನೋಡಿದಳು. ಮತ್ತೆ ಒಳಗೆ ಕೈಹಾಕಿ ಅರ್ಧ ಇಂಚು ಸರಿಸಿದಳು.

"ನಿಂತ್ಕೊಂಡು ಕಾವಲು ಕಾಯ್ತೀಯೋ, ಬರ್ತೀಯೋ?" ಎಂದಳು ಬೆರಿಲ್.

ಕೋಟು ಬಿಚ್ಚಿದಾಗ ಮೇವಿಸ್ ಒಳಗೆ ಈಜುಡುಗೆ ಹಾಕಿಕೊಂಡೇ ಬಂದಿದ್ದಳೆಂದು ನಮಗೆ ಗೊತ್ತಾಯಿತು. ಇಳಿಜಾರಿನ ಕಂಬಿ ಹಿಡಿದು ಇಪ್ಪತ್ತಾರು ಹೆಜ್ಜೆ ಇಳಿದಳು. ನಮ್ಮ ಕಡಲು ಜೂನಿನಲ್ಲೂ ಮೈ ಕೊರೆಯುತ್ತದೆ. ಸೊಂಟದವರೆಗೆ ನೀರು ಬಂದಾಗ ಒಮ್ಮೆ ಜೋರಾಗಿ ಉಸಿರೆಳೆದುಕೊಂಡು ಮುಂದಕ್ಕೆ ಮೈ ಚೆಲ್ಲಿದಳು. ಮರುಕ್ಷಣ ಈಜುತ್ತಿದ್ದಳು, ನಿಧಾನವಾಗಿ, ಉದ್ದುದ್ದ ಕೈಬೀಸುತ್ತಾ. ನೆಲದ ಮೇಲೆ ಕಂಡಿದ್ದ ಆ ಓಲಾಟ ಅಲ್ಲಿ ಹುಡುಕಿದರೂ ಇರಲಿಲ್ಲ.

"ಅಕ್ಕಾ, ಮಂಡಿ ಹೇಗಿದೆ?" ಬೆರಿಲ್ ದಡದಿಂದ ಕೂಗಿದಳು.

"ಇದೆ ಅನ್ನೋದೇ ಗೊತ್ತಾಗ್ತಿಲ್ಲ ಕಣೇ," ಎಂಬ ಉತ್ತರ ಅಲೆಯ ಮೇಲಿಂದ ಬಂತು.

ಅರ್ಧ ಗಂಟೆಯಾಯಿತು. ಬೆರಿಲ್ ಚಹಾ ಬಗ್ಗಿಸಿದಳು, ಆರಿಹೋಗುತ್ತದೆ ಎಂದು ಕೂಗಿದಳು, ಬೈದಳು, ಕೊನೆಗೆ ಆ ಲೋಟವನ್ನೂ ತಾನೇ ಕುಡಿದಳು. ಮೇವಿಸ್ ಹೊರಗೆ ಬರುವ ಲಕ್ಷಣ ಕಾಣಲಿಲ್ಲ. ಅಂಗಾತ ತೇಲುತ್ತಾ ಮೋಡ ನೋಡುತ್ತಿದ್ದಳು. ಬೆರಿಲ್ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರೂ ಕಲ್ಲಿನ ಮೇಲೆ ಕೂತು ಬೂಟಿನ ಲಾಡಿ ಬಿಚ್ಚತೊಡಗಿದೆವು.