ಕಹಳೆ ಹಿಡಿದ ಉಸಿರು

ತರಕಾರಿ ಮಂಡಿಯಲ್ಲಿ ಹರಾಜು ಕೂಗುವ ಗಂಡನಿಗೆ ಕಹಳೆ ಎಂದು ಹೆಸರಿಟ್ಟವರು ಅವನ ಗಂಟಲನ್ನಷ್ಟೇ ಮೆಚ್ಚಿದ್ದರು. ಉಸಿರಿನ ವೈಭವ ಗೊತ್ತಿದ್ದದ್ದು, ಊಟದ ಡಬ್ಬಿ ಒಯ್ದು ಗಂಟೆಗಟ್ಟಲೆ ಕಾಯುತ್ತಿದ್ದ ಹೆಂಡತಿಗೆ. ಗಿರಾಕಿಗಳು ಸುತ್ತ ನೆರೆದರೆ ಸಾಕು, ಅವನು ಎದೆ ತುಂಬ ಉಸಿರೆಳೆದು ಹಿಡಿದು ನಿಲ್ಲುತ್ತಿದ್ದ. ಆ ಎಳೆತಕ್ಕೆ ಎದುರಂಗಡಿಯ ಕ್ಯಾಲೆಂಡರು ಮೊಳೆ ಬಿಟ್ಟು ಬರುತ್ತಿತ್ತು. ಬೀದಿಯ ಈರುಳ್ಳಿ ಸಿಪ್ಪೆಯೆಲ್ಲ ಮೀಸೆಗೆ ಅಂಟುತ್ತಿತ್ತು. ಗುಮಾಸ್ತ ಪೆಟ್ಟಿಗೆ ಕುಟ್ಟಿ ವ್ಯಾಪಾರ ಮುಗಿಸುವವರೆಗೂ ಆ ಒಂದೇ ಉಸಿರಿನಲ್ಲಿ ಕೂಗು.

ಅಂಥವನು ನ್ಯುಮೋನಿಯಾ ಬಂದು, ಬಾಯಲ್ಲಿ ಕೊಳವೆ ಇಟ್ಟುಕೊಂಡು, ವೆಂಟಿಲೇಟರಿನ ಕೃಪೆಯಲ್ಲಿ ಮಲಗಿದ್ದ. ಕಾಯಿಲೆ ಇಳಿದಿತ್ತು, ಆದರೆ ಯಂತ್ರ ಬಿಡಿಸಲಾಗುತ್ತಿರಲಿಲ್ಲ. ಅದರ ಆಸರೆ ತಗ್ಗಿಸಿದಾಗಲೆಲ್ಲ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿತ್ತು. ಇವತ್ತೂ ಆಗದಿದ್ದರೆ ಕತ್ತಿನಲ್ಲಿ ತೂತು ಮಾಡಿ ಕೊಳವೆ ಇಡಬೇಕು, ಆಮೇಲೆ ದನಿ ಹೇಗಿರುತ್ತದೋ ಹೇಳಲಾಗದು ಎಂದಿದ್ದರು ಡಾಕ್ಟರಮ್ಮ. ಹೆಂಡತಿಗೆ ಹತ್ತಿದ ಚಿಂತೆ ಒಂದೇ: ದನಿಯಿಲ್ಲದ ಕಹಳೆಯ ಜೊತೆ ಜಗಳವಾಡುವುದಾದರೂ ಹೇಗೆ?

ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಡಿಸುವ ಸ್ನಾಯು ಸೋತಿದೆಯೇ ಎಂದು ನೋಡಲು ಡಾಕ್ಟರಮ್ಮ ಅಲ್ಟ್ರಾಸೌಂಡ್ ತರಿಸಿ, ಪಕ್ಕೆಲುಬಿನ ಕೆಳಗೆ ತಣ್ಣನೆಯ ಜೆಲ್ ಬಳಿದರು. ಪ್ರತಿಸಲದಂತೆ ಕಿರಿಯ ಡಾಕ್ಟರುಗಳೂ ನರ್ಸುಗಳೂ ಮಂಚವನ್ನು ಮುತ್ತಿದರು. ಯಂತ್ರದ ಆಸರೆ ತಗ್ಗಿಸಿದ್ದೇ ತಡ, ಪರದೆಯ ಮೇಲೆ ಆ ಸ್ನಾಯುವಿನ ಬಿಳಿ ಗೆರೆ ಸರ್ರನೆ ಕೆಳಗಿಳಿದು ಅಲ್ಲೇ ಠಿಕಾಣಿ ಹೂಡಿತು.

ಸ್ನಾಯು ಗಟ್ಟಿಮುಟ್ಟಾಗಿದೆ, ಉಸಿರೆಳೆದಾಗ ಇಳಿದದ್ದು ಮೇಲೇಕೆ ಬರುತ್ತಿಲ್ಲ ಎಂದು ಡಾಕ್ಟರಮ್ಮ ಬೆರಗಾದರು. ಹೆಂಡತಿ ಗಂಡನ ಕಣ್ಣು ನೋಡಿದಳು. ಅವು ಸುತ್ತ ನಿಂತವರನ್ನು ಒಬ್ಬೊಬ್ಬರಾಗಿ ಅಳೆಯುತ್ತಿದ್ದವು: ಯಾರು ಕೊಳ್ಳುವವರು, ಯಾರು ಬರೀ ಚೌಕಾಸಿಯವರು.

"ಅಯ್ಯೋ ಡಾಕ್ಟರಮ್ಮ, ಇವರು ಹರಾಜು ಕೂಗೋಕೆ ನಿಂತಿದ್ದಾರೆ. ಜನ ಸೇರಿದ್ರೆ ಹೀಗೇ," ಎಂದವಳೇ ಮಂಚದ ಕಂಬಿಯನ್ನು ಟಕಟಕ ಕುಟ್ಟಿದಳು. "ವ್ಯಾಪಾರ ಮುಗೀತು ರೀ. ಉಸಿರು ಬಿಡಿ."

ಗೆರೆ ಮೇಲೆದ್ದಿತು. ಡಾಕ್ಟರಮ್ಮ ಮಂದಿಯನ್ನೆಲ್ಲ ಹೊರಗಟ್ಟಿದರು. ಗಿರಾಕಿಗಳಿಲ್ಲದ ಮಂಡಿಯಲ್ಲಿ ಕಹಳೆ ನಮ್ಮ ನಿಮ್ಮಂತೆ ಉಸಿರಾಡುತ್ತ ಮಲಗಿದ. ಗೆರೆ ತೊಟ್ಟಿಲಿನಂತೆ ತೂಗಿತು. ಸಂಜೆಗೆ ಕೊಳವೆ ತೆಗೆದರು.

"ಎಷ್ಟಕ್ಕೆ ಹೋಯ್ತೇ?" ಎಂದು ಒಡಕು ದನಿಯಲ್ಲಿ ಕೇಳಿದ ಅವನು.

ಹೆಂಡತಿ ಕಣ್ಣೊರೆಸಿಕೊಂಡಳು. "ಯಾರೂ ಕೇಳ್ಲಿಲ್ಲ ರೀ. ಸರಕು ಮನೆಗೇ ವಾಪಸು."