ಹತ್ತನೇ ಗಂಡಸು

ಅಮೆರಿಕದ ರಾಲಿ ಊರಲ್ಲಿ ನನ್ ಜೊತೆ ಲ್ಯಾಬ್‌ನಲ್ಲಿ ಮಾರ್ಟಿ ಅಂತ ಒಬ್ಬ ಯಹೂದಿ ಮುದುಕ ಇದ್ದ. ಯಾವ್ದೋ ಕಾಲದಲ್ಲಿ ಜೆರುಸಲೇಮಿನ ಅವರ ದೇವಸ್ಥಾನ ಸುಟ್ರಂತೆ, ಆ ದುಃಖಕ್ಕೆ ಬೇಸಿಗೆಯಲ್ಲಿ ಒಂದಿನ ಉಪವಾಸ. ಕಾರಿನ ಬಾನೆಟ್ ಮೇಲೆ ದೋಸೆ ಹುಯ್ಯೋಷ್ಟು ಬಿಸಿಲು. ನಾನೇ ಎರಡು ಹುಯ್ದಿದ್ದೆ, ಗರಿಗರಿಯಾಗೇ ಎದ್ದಿತ್ತು. ಪಾಪ ಅಂತ ಅವನಿಗೆ ಡಬ್ಬಿ ತುಂಬ ಅವಲಕ್ಕಿ ಉಪ್ಪಿಟ್ಟು ತಗೊಂಡ್ಹೋದೆ.

"ಇವತ್ತು ನೀರೂ ಕುಡಿಯೋ ಹಾಗಿಲ್ಲ," ಅಂದ.

"ಇದು ಊಟ ಅಲ್ಲಪ್ಪ. ಏಕಾದಶಿ ಉಪವಾಸಕ್ಕೆ ನಾವು ತಿನ್ನೋದೇ ಇದು."

"ಉಪವಾಸಕ್ಕೇ ಇಷ್ಟಾದ್ರೆ, ಹಬ್ಬಕ್ಕೆ ಇನ್ನೆಷ್ಟು ತಿಂತೀರಯ್ಯ?"

ಅವನ ಹೆಂಡ್ತಿ ತಿಥಿನೂ ಅವತ್ತೇ ಬಂದಿತ್ತು. ಸಂಜೆ ಅವರ ಪ್ರಾರ್ಥನಾ ಮಂದಿರಕ್ಕೆ ನಾನೇ ಡ್ರೈವ್ ಮಾಡ್ಕೊಂಡು ಕರ್ಕೊಂಡ್ಹೋದೆ. ಸತ್ತವರಿಗಾಗಿ ಹೇಳೋ ಮಂತ್ರಕ್ಕೆ ಹತ್ತು ಜನ ಯಹೂದಿ ಗಂಡಸರು ಸೇರ್ಲೇಬೇಕಂತೆ. ಇದ್ದಿದ್ದು ಒಂಬತ್ತು. ಹತ್ತನೆಯವನು ಮಗಳ ಮನೆ ಅಂತ ಫ್ಲೋರಿಡಾ ಸೇರ್ಕೊಂಡಿದ್ದ.

"ನನ್ನ ಸೇರಿಸ್ಕೊಳ್ಳಿ, ಬೆಳಗ್ಗಿಂದ ನಾನೂ ನೀರು ಮುಟ್ಟಿಲ್ಲ," ಅಂದೆ. ಕಾಫಿ ಕುಡಿದಿದ್ದೆ, ಅಷ್ಟೆ.

"ಕೂತ್ಕೊಳ್ಳಿ, ಸಂತೋಷ. ಆದ್ರೆ ನೀವು ಲೆಕ್ಕಕ್ಕೆ ಬರಲ್ಲ," ಅಂದ್ರು ಅಲ್ಲಿನ ಹಿರಿಯರು.

ಎಲ್ಲರೂ ಬಾಗಿಲನ್ನೇ ನೋಡ್ತಾ ಕೂತ್ವಿ. ಕತ್ತಲಾಯ್ತು. ಯಾರೂ ಬರಲಿಲ್ಲ. ಮಾರ್ಟಿ ಪುಸ್ತಕ ಮುಚ್ಚಿದ. ಆ ವರ್ಷ ಅವಳಿಗೆ ಮಂತ್ರ ಇಲ್ಲ.

ಆಮೇಲೆ ಕಾರಲ್ಲಿ ಕೂತು, ತಣ್ಣಗಾದ ಉಪ್ಪಿಟ್ಟಲ್ಲೇ ಉಪವಾಸ ಮುರಿದು ಕೇಳ್ದ: "ನಿಮ್ಮಲ್ಲಿ ಎಷ್ಟು ಜನ ಬೇಕು?"

"ಒಬ್ಬ ಪುರೋಹಿತ ಸಾಕಪ್ಪ," ಅಂದೆ. "ಆದ್ರೆ ಅವನಿರೋದು ಅಟ್ಲಾಂಟಾದಲ್ಲಿ. ವೀಕೆಂಡ್ ಮಾತ್ರ ಬರ್ತಾನೆ. ನಾವು ವಾರ ನೋಡ್ಕೊಂಡು ಸಾಯ್ಬೇಕು."